ಹೊಡೆದವರ ಹೆಸರಿಲ್ಲದ ಖಂಡನೆ ಎಂತಕ್ಕೆ?

ಪಣಂಬೂರಿನವ: ಯುದ್ಧದಲ್ಲಿ ಆಸ್ಪತ್ರೆಗೋ ಮಾರ್ಕೆಟ್ಟಿಗೋ ಬಾಂಬ್ ಬಿದ್ದಾಗ ದೆಹಲಿಯಿಂದ ಒಂದು ಹೇಳಿಕೆ ಬರುತ್ತದೆ. ನಾಗರಿಕರ ಸಾವು ಖಂಡನೀಯ, ಮಾತುಕತೆಯೇ ದಾರಿ. ಹೊಡೆದವರು ಯಾರು ಅಂತ ಮಾತ್ರ ಇರುವುದಿಲ್ಲ. ಬುಚಾ ನೆನಪುಂಟಲ್ವಾ? ಉಕ್ರೇನಿನ ರಾಜಧಾನಿ ಕೀವ್ ಪಕ್ಕದ ಊರು. ರಷ್ಯಾ ಸೈನ್ಯ ಹಿಂದೆ ಸರಿದ ಮೇಲೆ ಬೀದಿಯಲ್ಲೇ ಹೆಣಗಳು ಸಿಕ್ಕಿದ್ದವು. 2022ರ ಏಪ್ರಿಲ್ 5ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ನಮ್ಮ ಪ್ರತಿನಿಧಿ ಟಿ. ಎಸ್. ತಿರುಮೂರ್ತಿ ಅದನ್ನು ಖಂಡಿಸಿದರು, ಸ್ವತಂತ್ರ ತನಿಖೆ ಆಗಲಿ ಎಂದರು. ರಷ್ಯಾದ ಹೆಸರೆತ್ತಲಿಲ್ಲ. ಎರಡೇ ದಿನಕ್ಕೆ ರಷ್ಯಾವನ್ನು ಮಾನವ ಹಕ್ಕುಗಳ ಮಂಡಳಿಯಿಂದ ಹೊರಗಿಡುವ ಮತ ಬಂತು. 93 ಪರ, 24 ವಿರೋಧ, 58 ತಟಸ್ಥ. ನಾವು ಆ 58ರಲ್ಲಿ. ಇಂಥ ಖಂಡನೆ ಯಾರಿಗೆ ಬೇಕು ಮಾರಾಯ್ರೆ?

ಕಡಲ ಕೆಲಸ: ನಮ್ಮಂಥವರಿಗೆ ಬೇಕು. ನಾನು ಹಡಗಿನಲ್ಲಿರುವವ. ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂಥಿ ಬಂಡುಕೋರರು ಹಡಗುಗಳಿಗೆ ಹೊಡೆಯುತ್ತಿದ್ದಾಗ ಹಡಗಿನವರು ಮಾಡಿದ ಉಪಾಯ ಗೊತ್ತುಂಟಾ? ಹಡಗು ಎಲ್ಲಿದೆ, ಎಲ್ಲಿಗೆ ಹೊರಟಿದೆ ಅಂತ ಸುತ್ತಲಿನವರಿಗೆ ತಿಳಿಸುವ ಎಐಎಸ್ ಯಂತ್ರ ಇರುತ್ತದೆ. ಅದರಲ್ಲಿ ಮುಂದಿನ ಬಂದರಿನ ಹೆಸರು ಹಾಕುವ ಜಾಗದಲ್ಲಿ 'ಇಸ್ರೇಲ್ ಸಂಬಂಧ ಇಲ್ಲ', 'ಸಿಬ್ಬಂದಿ ಎಲ್ಲ ಚೀನಾದವರು' ಅಂತ ಟೈಪ್ ಮಾಡುತ್ತಿದ್ದರು. ಜೀವ ಉಳಿದರೆ ಸಾಕು ಅಂತ. ನಮ್ಮ ದೇಶ ಯಾರಿಗೂ ಬೈಯದೆ ಇದ್ದರೆ ನಮಗೆ ಅದೇ ರಕ್ಷೆ.

ಬಂದರು ರಸ್ತೆ: ಎಂತ ರಕ್ಷೆ? ಕೆಮ್ ಪ್ಲೂಟೊ ಮರೆತಿರಾ? 2023ರ ಡಿಸೆಂಬರ್ 23. ಸೌದಿಯಿಂದ ಕಚ್ಚಾತೈಲ ತುಂಬಿಕೊಂಡು ನಮ್ಮ ನವಮಂಗಳೂರು ಬಂದರಿಗೇ ಬರುತ್ತಿದ್ದ ಹಡಗು. ಸಿಬ್ಬಂದಿ ಹೆಚ್ಚುಕಡಿಮೆ ಎಲ್ಲ ಭಾರತೀಯರು. ಗುಜರಾತ್ ಕರಾವಳಿಯಾಚೆ ಡ್ರೋನ್ ಬಡಿಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಡ್ರೋನ್ ಇರಾನಿನಿಂದ ಬಂದದ್ದು ಅಂತ ಅಮೆರಿಕ ಹೇಳಿತು, ಇರಾನ್ ಅಲ್ಲಗಳೆಯಿತು. ಹೊಡೆದವರು ಸಮುದ್ರದ ತಳದಲ್ಲಿದ್ದರೂ ಹುಡುಕುತ್ತೇವೆ ಅಂದರು ರಾಜನಾಥ್ ಸಿಂಗ್. ಆಮೇಲೆ?

ಕಡಲ ಕೆಲಸ: ಆಮೇಲೆ ಯುದ್ಧನೌಕೆ ಕಳಿಸಿದರಲ್ಲ. ಅದು ಕೆಲಸ. ಬೈಗುಳದಿಂದ ಡ್ರೋನ್ ಬೀಳುವುದಿಲ್ಲ.

ಕೊಡಿಯಾಲ್‌ಬೈಲ್: 1971ರಲ್ಲಿ ಹೀಗಿರಲಿಲ್ಲ. ಮಾರ್ಚ್ 25ಕ್ಕೆ ಢಾಕಾದಲ್ಲಿ ಪಾಕಿಸ್ತಾನಿ ಸೈನ್ಯದ ಹತ್ಯಾಕಾಂಡ ಶುರು, 31ಕ್ಕೆ ಆ ಸೈನ್ಯದ ಹೆಸರೆತ್ತಿಯೇ ನಮ್ಮ ಸಂಸತ್ತಿನಲ್ಲಿ ಇಂದಿರಾ ಗಾಂಧಿಯವರ ನಿರ್ಣಯ ಪಾಸು. ಹೌದು, ನಿರಾಶ್ರಿತರು ನಮ್ಮ ಗಡಿಗೇ ಬರುತ್ತಿದ್ದರು, ಸ್ವಂತದ ಲೆಕ್ಕ ಇತ್ತು.

ತೆಂಕಪೇಟೆ: ಗಾಜಾ ವಿಷಯದಲ್ಲಿ ಎಲ್ಲರೂ ಸುಮ್ನೆ ಯಾಕೆ?

ಬಂದರು ರಸ್ತೆ: ಅದರಲ್ಲಿ ಭಾರತ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 2023ರ ಅಕ್ಟೋಬರ್ 27ಕ್ಕೆ ತಟಸ್ಥ, ಡಿಸೆಂಬರ್ 12ಕ್ಕೆ ಕದನವಿರಾಮದ ಪರ. ಮನಸ್ಸು ಮಾಡಿದರೆ ಮತ ಬದಲಾಗುತ್ತದೆ ಅಂತಾಯ್ತು.

ಮಣಿಪಾಲ್ ಮೇಡಂ: ನೀವೆಲ್ಲ ಹೆಸರಿಗೇ ಜೋತುಬಿದ್ದಿದ್ದೀರಿ. ರಾಜತಾಂತ್ರಿಕರು ಹೆಸರು ನುಂಗುವುದು ಹೊಸತಲ್ಲ, ನನಗೆ ಅದು ದೊಡ್ಡ ಅಪರಾಧ ಅಂತಲೂ ಅನ್ನಿಸುವುದಿಲ್ಲ. ಆದರೆ ತನಿಖೆ ಆಗಲಿ ಅಂದವರು ತನಿಖೆಗೆ ಕೈ ಎತ್ತಬೇಕು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿಯ ಮೆಡಿಕಲ್ ವಿದ್ಯಾರ್ಥಿ ಶೆಲ್ ದಾಳಿಯಲ್ಲಿ ಸತ್ತ. ದೇಹ ಬೆಂಗಳೂರಿಗೆ ಬಂದದ್ದು 21ಕ್ಕೆ. ಮೇ 12ರಂದು ಜಿನೀವಾದಲ್ಲಿ ಮಾನವ ಹಕ್ಕುಗಳ ಮಂಡಳಿಯ ಮುಂದೆ ಒಂದು ನಿರ್ಣಯ ಬಂತು. ಫೆಬ್ರವರಿ ಕೊನೆ ಮತ್ತು ಮಾರ್ಚ್‌ನಲ್ಲಿ ಕೀವ್, ಚೆರ್ನಿಹಿವ್, ಖಾರ್ಕಿವ್, ಸುಮಿ ಕಡೆ ನಡೆದದ್ದನ್ನು ತನಿಖಾ ಆಯೋಗ ನೋಡಲಿ ಅಂತ. ನಮ್ಮ ಹುಡುಗ ಸತ್ತ ಊರು, ಸತ್ತ ತಿಂಗಳು. 33 ಪರ, 2 ವಿರೋಧ, 12 ತಟಸ್ಥ. ಭಾರತ ತಟಸ್ಥ. ನಮ್ಮದೇ ಮನೆಯ ಸಾವಿನ ತನಿಖೆಗೂ ಕೈ ಎತ್ತದಿದ್ದರೆ ಏಪ್ರಿಲ್‌ನ ಆ ಮಾತಿಗೆ ಬೆಲೆ ಎಲ್ಲಿ?

ಕಡಲ ಕೆಲಸ: ಮೇಡಂ, ಸುಮಿಯಲ್ಲಿ ಓದುತ್ತಿದ್ದ ನಮ್ಮ ಸುಮಾರು 700 ಮಕ್ಕಳು ಸಿಕ್ಕಿಬಿದ್ದಿದ್ದರು. ಮೋದಿ ಪುಟಿನ್‌ಗೂ ಝೆಲೆನ್‌ಸ್ಕಿಗೂ ಫೋನ್ ಮಾಡಿದ ಮೇಲೆ ದಾರಿ ಬಿಟ್ಟರು. ಒಂದು ಕಡೆಗೆ ಬೈದಿದ್ದರೆ ಆ ಬಸ್ಸುಗಳು ಹೊರಡುತ್ತಿದ್ದವಾ?

ಮಣಿಪಾಲ್ ಮೇಡಂ: ಬಸ್ಸು ಹೊರಟದ್ದು ಮಾರ್ಚ್ 8ಕ್ಕೆ. ಮತ ಇದ್ದದ್ದು ಮೇ 12ಕ್ಕೆ. ಅಷ್ಟರಲ್ಲಿ ಆ ಮಕ್ಕಳು ಮನೆಗೆ ಬಂದು ಎರಡು ತಿಂಗಳಾಗಿತ್ತು. ಆಗ ಯಾರನ್ನು ಉಳಿಸಲಿಕ್ಕೆ ತಟಸ್ಥ ಕೂತದ್ದು?

ಪಣಂಬೂರಿನವ: ಎಣ್ಣೆ! ರಷ್ಯಾದ ಎಣ್ಣೆ ನಮ್ಮ ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಗೂ ಬಂತಲ್ವಾ.

ಕಡಲ ಕೆಲಸ: ಎಣ್ಣೆ ಬಂತು, ಗೊಬ್ಬರ ಬಂತು, ಎಸ್-400 ಕ್ಷಿಪಣಿ ವ್ಯವಸ್ಥೆ ಬರ್ತಾ ಇತ್ತು. ಸರಿ, ಮಕ್ಕಳ ಹೆಸರು ಬೇಡ. ಇದಕ್ಕೋಸ್ಕರ ಅಂತಲೇ ಹೇಳೋಣ. ನನಗಂತೂ ಅದರಲ್ಲಿ ನಾಚಿಕೆ ಇಲ್ಲ.

ಮಣಿಪಾಲ್ ಮೇಡಂ: ನನಗೆ ಉಂಟು.