ಬಿಪಿ ಬಿದ್ದ ರೋಗಿಗೆ ಐವಿ (ರಕ್ತನಾಳದೊಳಗಿನ ಡ್ರಿಪ್ ಲೈನ್) ಹಾಕಲು ರಬ್ಬರ್ ಪಟ್ಟಿಯೋ, ಬಿಪಿ ಕಫ್ಫೋ?

ಪ್ರಶ್ನೆ: ಬಿಪಿ 80/50, ಕೈ ತಣ್ಣಗೆ. ರಬ್ಬರ್ ಟೂರ್ನಿಕೆಟ್ (ತೋಳಿಗೆ ಕಟ್ಟುವ ಪಟ್ಟಿ) ಎಷ್ಟು ಬಿಗಿದರೂ ವೇನ್ (ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳ) ಏಳುವುದಿಲ್ಲ. ಇಂಥಲ್ಲಿ ಬಿಪಿ ಅಳೆಯುವ ಕಫ್ ಉತ್ತಮವೇ? ಎಷ್ಟಕ್ಕೆ ಏರಿಸಬೇಕು?

ಉತ್ತರ 1: ಎಡವಟ್ಟಾಗುವುದೇ ಬಿಗಿಯುವುದರಲ್ಲಿ. ವೇನ್‌ನಿಂದ ರಕ್ತ ಹಿಂದಿರುಗಬಾರದು, ಆದರೆ ಆರ್ಟರಿಯಿಂದ (ಹೃದಯದಿಂದ ರಕ್ತ ತರುವ ನಾಳ) ಬರುತ್ತಿರಬೇಕು. ಸಿಸ್ಟೋಲಿಕ್ (ಬಿಪಿಯ ಮೇಲಿನ ಅಂಕಿ) 80 ಇರುವ ಕೈಗೆ ಜೋರಾಗಿ ಎಳೆದು ಕಟ್ಟಿದ ಪಟ್ಟಿ ಆರ್ಟರಿಯನ್ನೂ ಮುಚ್ಚಿಬಿಡುತ್ತದೆ. ಒಳಗೆ ಬರುವ ರಕ್ತವೇ ಇಲ್ಲದಿದ್ದರೆ ವೇನ್ ತುಂಬುವುದಾದರೂ ಹೇಗೆ? ಕಟ್ಟುವ ಮುಂಚೆ ಮಣಿಕಟ್ಟಿನ ನಾಡಿ ಸಿಗುತ್ತಿದ್ದು, ಕಟ್ಟಿದ ಮೇಲೆ ಮಾಯವಾದರೆ ಸಡಿಲಿಸಿ.

ಕಫ್ಫಿನ ಲಾಭವೆಂದರೆ ಒತ್ತಡ ಎಷ್ಟೆಂದು ಕಣ್ಣಿಗೆ ಕಾಣುತ್ತದೆ. ಡಯಾಸ್ಟೋಲಿಕ್‌ಗಿಂತ (ಕೆಳಗಿನ ಅಂಕಿ) 5–10 ಕಡಿಮೆ ಇಡಿ. ನಿಮ್ಮ ರೋಗಿಗೆ 40–45 ಸಾಕು. ಕೈಯಿಂದ ಒತ್ತುವ ಉಪಕರಣವೇ ಇರಲಿ, ಮಾನಿಟರ್‌ನ ಕಫ್ ಅಳೆದು ಮುಗಿಸಿ ತಾನೇ ಇಳಿದುಬಿಡುತ್ತದೆ. ಟ್ಯೂಬ್‌ಗಳು ಭುಜದ ಕಡೆ ಬರುವಂತೆ ತಿರುಗಿಸಿ ಸುತ್ತಿ, ಇಲ್ಲದಿದ್ದರೆ ಮೊಣಕೈ ಮಡಿಕೆಯಲ್ಲಿ ಅಡ್ಡಬರುತ್ತವೆ. ವಾಲ್ವ್ ಸೋರಿದರೆ ವೇನ್ ಮತ್ತೆ ಕುಸಿಯುತ್ತದೆ, ಆದ್ದರಿಂದ ಡಯಲ್ ಮೇಲೆ ಒಂದು ಕಣ್ಣಿರಲಿ.

ಉತ್ತರ 2: ಒಪ್ಪುತ್ತೇನೆ, ಆದರೆ ಎಲ್ಲರಿಗೂ ಕಫ್ ಬೇಕಿಲ್ಲ. ಬಿಪಿ ಸರಿಯಿದ್ದವರಿಗೆ ಚುಚ್ಚುವ ಜಾಗಕ್ಕಿಂತ 7–10 ಸೆಂ.ಮೀ. ಮೇಲೆ ಅಗಲ ಪಟ್ಟಿ ಕಟ್ಟಿ, ಕೈಯನ್ನು ಹೃದಯದ ಮಟ್ಟಕ್ಕಿಂತ ಕೆಳಗೆ ಇಳಿಬಿಟ್ಟರೆ ಆಯಿತು. ತೆಳ್ಳನೆಯ ಚರ್ಮದ ವೃದ್ಧರಲ್ಲಿ ಬಿಗಿ ಪಟ್ಟಿ ಕಟ್ಟಿ ಚುಚ್ಚಿದರೆ ವೇನ್ ಒಡೆದು ನೀಲಿಗಟ್ಟುತ್ತದೆ. ಅಲ್ಲಿ ತೀರಾ ಹಗುರವಾಗಿ ಕಟ್ಟಿ, ವೇನ್ ಚೆನ್ನಾಗಿ ಕಾಣುತ್ತಿದ್ದರೆ ಕಟ್ಟಲೇಬೇಡಿ.

ಕ್ರಮ ತಪ್ಪಬಾರದು: ಸೂಜಿಯ ಹಿಂಬದಿಯಲ್ಲಿ ರಕ್ತ ಕಂಡ ಮೇಲೆ ಸೂಜಿ ಇನ್ನು 2–3 ಮಿ.ಮೀ. ಮುಂದೆ, ಕ್ಯಾನ್ಯುಲಾ (ಸೂಜಿಯ ಮೇಲಿನ ಮೆತ್ತನೆಯ ನಳಿಕೆ) ಜಾರಿಸಿ, ಪಟ್ಟಿ ಬಿಚ್ಚಿ, ತುದಿಯ ಮೇಲ್ಭಾಗದಲ್ಲಿ ವೇನ್ ಒತ್ತಿ, ಆಮೇಲೆ ಸೂಜಿ ತೆಗೆಯಿರಿ. ರಕ್ತದ ಸ್ಯಾಂಪಲ್ ಕೂಡ ತೆಗೆಯುವುದಿದ್ದರೆ ಪಟ್ಟಿ ಒಂದು ನಿಮಿಷ ಮೀರದಿರಲಿ. ಮುಷ್ಟಿ ಬಿಗಿಸಿ ಬಿಡಿಸಿ ಮಾಡಿಸಿದರಂತೂ ಪೊಟ್ಯಾಸಿಯಂ ಸುಳ್ಳೇ ಏರಿ ಬರುತ್ತದೆ.

ಉತ್ತರ 3: ಮುಂಗೈ ಹಿಂಭಾಗದಲ್ಲಿ 22 ಗೇಜ್ (ತೆಳು ಕ್ಯಾನ್ಯುಲಾ) ಮಾತ್ರ ಸಿಕ್ಕಿತೇ? ಮೇಲಿನ ಪಟ್ಟಿ ಬಿಚ್ಚದೆ ಅದರಲ್ಲೇ 50 ಮಿ.ಲೀ.ಯಷ್ಟು ನಾರ್ಮಲ್ ಸಲೈನ್ ನಿಧಾನವಾಗಿ ಬಿಡಿ. ಮುಂದೋಳಿನ ವೇನ್‌ಗಳು ಉಬ್ಬುತ್ತವೆ, ಅಲ್ಲಿ ದಪ್ಪನೆಯ 18 ಅಥವಾ 16 ಗೇಜ್ ಹಾಕಬಹುದು. ಬರೀ ಸಲೈನ್, ಔಷಧ ಬೇಡವೇ ಬೇಡ. ಕ್ಯಾನ್ಯುಲಾ ಸುತ್ತ ಊತ ಕಂಡರೆ ತಕ್ಷಣ ನಿಲ್ಲಿಸಿ. ರೋಗಿ ಕುಸಿಯುತ್ತಿದ್ದರೆ ಈ ಕಸರತ್ತಿಗೆಲ್ಲ ಕಾಯಬೇಡಿ. ಎರಡು ಯತ್ನ ತಪ್ಪಿದರೆ ಮೂಳೆಯೊಳಗಿನ ಐಓ ಸೂಜಿಗೆ ಹೋಗಿ.

ಪ್ರಶ್ನೆ ಕೇಳಿದವರು: ಲೈನ್ ಸರಿಯಾಗಿ ಕೂತರೂ ಡ್ರಿಪ್ ಓಡದಿದ್ದರೆ?

ಉತ್ತರ 2: ಮೊದಲು ತೋಳಂಗಿ ಮೇಲೆತ್ತಿ ನೋಡಿ, ಪಟ್ಟಿ ಅಲ್ಲೇ ಇರಬಹುದು.