ನೆಂಟರಿಗೆ ಸಾಹಸವೂ ಬೇಕು, ಆರಾಮವೂ ಬೇಕು: ಮಲೆನಾಡಿನಲ್ಲಿ ಎಲ್ಲಿಗೆ ಕಳಿಸೋಣ?

ಕೇಳಿದವರು, ಶಿವಮೊಗ್ಗದಿಂದ:

ನಮ್ಮ ಚಿಕ್ಕಪ್ಪನ ಮಗ ಮತ್ತು ಅವನ ಹೆಂಡತಿ ಹೊರದೇಶದಿಂದ ಬರುತ್ತಿದ್ದಾರೆ. ಐದಾರು ದಿನ ಇಲ್ಲಿರುತ್ತಾರೆ. ಇಬ್ಬರೂ ಬೇಕಾದಷ್ಟು ಊರು ತಿರುಗಿದವರು. ಅವನಿಗೆ ಬೆಟ್ಟ ಹತ್ತಬೇಕು, ನೀರಿಗೆ ಇಳಿಯಬೇಕು. ಅವಳು ನಮ್ಮ ಕಡೆಯವಳಲ್ಲ, ಮಲೆನಾಡು ನೋಡೇ ಇಲ್ಲ. ರಾತ್ರಿ ಒಳ್ಳೆ ಹಾಸಿಗೆ, ಬಿಸಿನೀರು, ಗಲಾಟೆ ಇಲ್ಲದ ಜಾಗ ಸಿಕ್ಕರೆ ಹಗಲು ಎಷ್ಟು ಬೇಕಾದರೂ ಓಡಾಡುತ್ತಾಳೆ. ಖರ್ಚಿಗೆ ಹಿಂದೆಮುಂದೆ ನೋಡುವವರಲ್ಲ. ನಾವು ಹೇಳಿದ ತಿಂಗಳಿಗೆ ಟಿಕೆಟ್ ಮಾಡಿಸುತ್ತಾರಂತೆ. ಇಲ್ಲೇ ಹುಟ್ಟಿ ಬೆಳೆದ ನಮಗೆ ಜೋಗ, ಸಿಗಂದೂರು, ಆಗುಂಬೆ ಬಿಟ್ಟರೆ ಬೇರೆ ಹೊಳೆಯುವುದಿಲ್ಲ. ಇಂಥ ನೆಂಟರು ಬಂದಾಗ ನೀವೆಲ್ಲ ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ? ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿ ಕಡೆಯಿಂದ, ಹೋಂಸ್ಟೇ ನಡೆಸುವವರು:

ಮೊದಲು ತಿಂಗಳು ಗೊತ್ತು ಮಾಡಿ ಅಕ್ಕಾ, ಜಾಗ ಆಮೇಲೆ. ನಮ್ಮಲ್ಲಿಗೆ ಬರುವವರು ಹೆಚ್ಚಿನವರು ಜಾಗದ ಪಟ್ಟಿ ಹಿಡಿದುಕೊಂಡೇ ಬರುತ್ತಾರೆ. ಆದರೆ ಇಲ್ಲಿ ಒಂದೇ ಜಾಗ ಜುಲೈನಲ್ಲಿ ಒಂದು ಥರ, ಡಿಸೆಂಬರಿನಲ್ಲಿ ಇನ್ನೊಂದು ಥರ. ಜುಲೈನಲ್ಲಿ ಆಗುಂಬೆಯ ಸೂರ್ಯಾಸ್ತದ ಕಟ್ಟೆ ಮೇಲೆ ನಿಂತರೆ ಮಂಜಿನಲ್ಲಿ ಪಕ್ಕದವರ ಮುಖವೂ ಕಾಣುವುದಿಲ್ಲ. ಡಿಸೆಂಬರಿನಲ್ಲಿ ಆಕಾಶ ತಿಳಿಯಾಗಿದ್ದರೆ ಅದೇ ಕಟ್ಟೆಯಿಂದ ಅರಬ್ಬಿ ಸಮುದ್ರದವರೆಗೆ ಕಣ್ಣು ಹಾಯುತ್ತದೆ.

ನಿಮ್ಮ ನೆಂಟರಿಗೆ ನನ್ನ ಓಟು ನವೆಂಬರಿಗೆ. ಮಳೆ ಹಿಂದಾಗಿರುತ್ತದೆ, ಹಸಿರು ಹೋಗಿರುವುದಿಲ್ಲ, ಹಿನ್ನೀರು ತುಂಬಿರುತ್ತದೆ, ಉಂಬಳದ (ಜಿಗಣೆ) ಕಾಟ ಕಡಿಮೆ. ಅಡಿಕೆ ಕೊಯ್ಲೂ ನಡೆದಿರುತ್ತದೆ. ಕೊನೆಗಾರ ಮರದ ತುದಿಯಲ್ಲಿ ಕೂತು ಪಕ್ಕದ ಮರವನ್ನು ಎಳೆದುಕೊಂಡು ದಾಟುವುದನ್ನು ಒಮ್ಮೆ ತೋರಿಸಿ. ಸಾಹಸ ಕ್ರೀಡೆ ಮಾಡುವವರೂ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತು ಅಡಿಕೆ ಸುಲಿಯುತ್ತಾರೆ, ಪಕ್ಕದಲ್ಲಿ ಅಡಿಕೆ ಬೇಯಿಸುವ ಕೆಂಪು ಚೊಗರಿನ ಹಂಡೆ ಕುದಿಯುತ್ತಿರುತ್ತದೆ. ಆ ಹೊತ್ತಿನ ಮಾತುಕತೆ ಯಾವ ರೆಸಾರ್ಟಿನಲ್ಲೂ ಸಿಗುವುದಿಲ್ಲ.

ಆರಾಮದ ಬಗ್ಗೆ ಹೇಳುತ್ತೇನೆ. ಈಜುಕೊಳ, ಸ್ಪಾ ಇರುವ ಹೋಟೆಲ್ ಅವರು ಎಷ್ಟೋ ನೋಡಿರುತ್ತಾರೆ. ನಮ್ಮಲ್ಲಿ ಉಳಿದವರು ವರ್ಷವಾದರೂ ನೆನೆಸಿಕೊಳ್ಳುವುದು ಬಚ್ಚಲಿನ ಹಂಡೆಯನ್ನು. ಬೆಟ್ಟ ಇಳಿದು ಬಂದು, ಕಟ್ಟಿಗೆ ಒಲೆಯ ಹೊಗೆ ವಾಸನೆಯಲ್ಲಿ ಕೂತು, ಸುಡುಸುಡು ನೀರು ಮೊಗೆದು ಹೊಯ್ದುಕೊಂಡರೆ ಮೈಕೈ ನೋವು ಅಲ್ಲೇ ಇಳಿಯುತ್ತದೆ. ಆದರೆ ಹೋಂಸ್ಟೇ ಆರಿಸುವಾಗ ಫೋಟೋ ನೋಡಿ ದುಡ್ಡು ಹಾಕಬೇಡಿ. ಫೋನ್ ಮಾಡಿ. ಅದೇ ರಾತ್ರಿ ಬೇರೆ ಎಷ್ಟು ಗುಂಪು ಇದೆ, ಜೋರಾಗಿ ಹಾಡು ಹಾಕಲು ಬಿಡುತ್ತೀರಾ, ಕೋಣೆಗೇ ಬಚ್ಚಲು ಇದೆಯಾ, ಕರೆಂಟ್ ಹೋದರೆ ಏನು ವ್ಯವಸ್ಥೆ ಅಂತ ಕೇಳಿ. ಮನೆಯವರು ಅಲ್ಲೇ ವಾಸ ಮಾಡುತ್ತಾರಾ ಅಂತಲೂ ಕೇಳಿ. ಮಾಲೀಕರು ಬೆಂಗಳೂರಿನಲ್ಲಿದ್ದು ಕೆಲಸದವರೇ ನಡೆಸುವ ಕಡೆ ಊಟದ ರುಚಿಯೇ ಬೇರೆ. ಒಂದೇ ಕುಟುಂಬವನ್ನು ಇಟ್ಟುಕೊಳ್ಳುವ ಹಳೇ ತೊಟ್ಟಿಮನೆಗಳಿವೆ. ಹೆಚ್ಚು ಕೊಟ್ಟು ಅಂಥದ್ದನ್ನೇ ಹಿಡಿಯಿರಿ.

ನಮ್ಮ ಕಡೆ ಒಂದೇ ಜಾಗಕ್ಕೆ ಹೋಗುವುದಾದರೆ ಕವಲೇದುರ್ಗಕ್ಕೆ ಹೋಗಲಿ. ತೀರ್ಥಹಳ್ಳಿಯಿಂದ 18 ಕಿಲೋಮೀಟರ್ ಆಸುಪಾಸು. ಗದ್ದೆ ಬದುವಿನಿಂದ ಶುರುವಾಗಿ ಕಲ್ಲು ಹಾಸಿದ ದಾರಿ ಕಾಡಿನೊಳಗೆ ಏರುತ್ತದೆ. ಒಂದು ಬಾಗಿಲು ದಾಟಿದರೆ ಇನ್ನೊಂದು ಕೋಟೆ ಗೋಡೆ, ಅದನ್ನು ದಾಟಿದರೆ ಮತ್ತೊಂದು. ಒಳಗೆ ಕೆಳದಿ ನಾಯಕರ ಅರಮನೆಯ ತಳಪಾಯ ಇದೆ. ಅಡುಗೆಮನೆಯ ಕಲ್ಲಿನ ಒಲೆ ಇವತ್ತಿಗೂ ಹಾಗೇ ಇದೆ. ಎಲ್ಲರೂ ಕಾಶಿ ವಿಶ್ವನಾಥ ದೇವಸ್ಥಾನ ನೋಡಿ ತಿರುಗಿಬಿಡುತ್ತಾರೆ. ನಿಲ್ಲಬೇಡಿ, ತುದಿಯ ಗುಡಿವರೆಗೆ ಹತ್ತಿಸಿ. ಅಲ್ಲಿಂದ ಪಶ್ಚಿಮಕ್ಕೆ ಗುಡ್ಡದ ಮೇಲೆ ಗುಡ್ಡ, ನಡುವೆ ಹಿನ್ನೀರು. ಹತ್ತುವುದು ಕಷ್ಟವಲ್ಲ, ಆದರೆ ಮಳೆಗಾಲದಲ್ಲಿ ಆ ಕಲ್ಲುಗಳು ಪಾಚಿ ಕಟ್ಟಿ ಜಾರುತ್ತವೆ.

ಮಾರನೇ ದಿನ ಬೆಳಕು ಹರಿಯುವ ಮೊದಲು ಕುಂದಾದ್ರಿ. ತುದಿವರೆಗೆ ರಸ್ತೆ ಇದೆ, ಮೇಲೆ ಪಾರ್ಶ್ವನಾಥ ಬಸದಿ ಮತ್ತು ಕಲ್ಲಿನ ಕೊಳ. ಕೆಳಗೆ ಕಣಿವೆ ತುಂಬ ಮಂಜು ನಿಂತಿರುತ್ತದೆ. ಸಂಜೆಗೆ ಕುಪ್ಪಳಿಯ ಕವಿಶೈಲ ಸಾಕು. ಅವಳಿಗೆ ಕನ್ನಡ ಬಾರದಿದ್ದರೆ ಕುವೆಂಪು ಯಾರು ಅಂತ ನಿಮ್ಮ ತಮ್ಮ ಹೇಳಲಿ.

ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರದ ಬಗ್ಗೆ ಬಹಳ ಜನ ಕೇಳುತ್ತಾರೆ. ರೊಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದ್ದು, ಕಾಳಿಂಗ ಸರ್ಪದ ಅಧ್ಯಯನ ಅಲ್ಲಿನ ಮುಖ್ಯ ಕೆಲಸ. ಎಲೆ ಒಟ್ಟುಮಾಡಿ ಗೂಡು ಕಟ್ಟಿ ಮೊಟ್ಟೆ ಇಡುವ ಹಾವು ಅದೊಂದೇ. ಆದರೆ ಅದು ಕೆಲಸ ಮಾಡುವ ಜಾಗ, ಹಾವು ತೋರಿಸುವ ಜಾಗ ಅಲ್ಲ. ಮೊದಲೇ ಕೇಳದೆ ಸುಮ್ನೆ ನುಗ್ಗಬೇಡಿ.

ಸಾಗರದಿಂದ ಒಬ್ಬರು:

ನವೆಂಬರ್ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಮಲೆನಾಡು ನೋಡದ ಹುಡುಗಿಗೆ ಮಳೆ ಇಲ್ಲದ ಮಲೆನಾಡು ತೋರಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಮಳೆಗಾಲ ಬಿಟ್ಟು ಜೋಗಕ್ಕೆ ಬಂದವರು ತೆಳ್ಳಗಿನ ನಾಲ್ಕು ಎಳೆ ನೋಡಿ ಬೇಜಾರು ಮಾಡಿಕೊಂಡು ಹೋಗುವುದನ್ನು ನಾವು ಪ್ರತಿ ವರ್ಷ ನೋಡುತ್ತೇವೆ. 253 ಮೀಟರ್ ಎತ್ತರದಿಂದ ಬೀಳಬೇಕಾದ ನೀರನ್ನು ಕರೆಂಟಿಗಾಗಿ ಲಿಂಗನಮಕ್ಕಿಯಲ್ಲಿ ಹಿಡಿದಿಟ್ಟಿರುತ್ತಾರೆ. ನಿಜವಾದ ಜೋಗ ನೋಡಬೇಕಾದರೆ ಒಂದು ಉಪಾಯ ಇದೆ. ಜುಲೈ ಬಂದಮೇಲೆ ಪೇಪರಿನಲ್ಲಿ ದಿನಾ ಜಲಾಶಯದ ಮಟ್ಟ ಬರುತ್ತದಲ್ಲ, ಅದನ್ನು ನೋಡುತ್ತಿರಿ. ಲಿಂಗನಮಕ್ಕಿ ಪೂರ್ಣ ಮಟ್ಟ 1819 ಅಡಿ. ಅದರ ಹತ್ತಿರ ಬಂದು ಗೇಟ್ ತೆಗೆದರು ಅಂತ ಗೊತ್ತಾದ ದಿನ ಹೊರಡಿ. ರಾಜ, ರಾಣಿ, ರೋರರ್, ರಾಕೆಟ್ ಬೇರೆ ಬೇರೆಯಾಗಿ ಕಾಣುವುದೇ ಇಲ್ಲ, ಎಲ್ಲ ಸೇರಿ ಒಂದೇ ಬಿಳಿ ಗೋಡೆ. ಎಲ್ಲ ವರ್ಷವೂ ಗೇಟ್ ತೆಗೆಯುವುದಿಲ್ಲ, ಅದಕ್ಕೇ ಸಿಕ್ಕ ವರ್ಷ ಬಿಡಬಾರದು. ಆಚೆ ದಡದ ಬ್ರಿಟಿಷ್ ಬಂಗಲೆ ಕಡೆಯಿಂದಲೂ ನೋಡಿ, ಅಲ್ಲಿ ನೀರು ಧುಮುಕುವ ಅಂಚು ಹತ್ತಿರ. ಬಂಡೆ ಮೇಲೆ ಮಾತ್ರ ಕಾಲಿಡಬೇಡಿ.

ನವೆಂಬರಿನಲ್ಲೇ ಬರುವುದಾದರೆ ಸಾಗರದ ಕಡೆ ಹೊನ್ನೆಮರಡು. ಶರಾವತಿ ಹಿನ್ನೀರಿನಲ್ಲಿ ಕಯಾಕ್, ತೆಪ್ಪ, ಈಜು, ನಡುಗಡ್ಡೆಯಲ್ಲಿ ಟೆಂಟ್. ಲೈಫ್ ಜಾಕೆಟ್ ಇಲ್ಲದೆ ಇಳಿಯಬೇಡಿ ಅಂತ ನಿಮ್ಮ ತಮ್ಮನಿಗೆ ಖಡಕ್ಕಾಗಿ ಹೇಳಿ. ಮೇಲೆ ನೀರು ಸುಮ್ಮನಿದ್ದರೂ ಕೆಳಗೆ ಮುಳುಗಿದ ಮರದ ಬುಡಗಳಿವೆ. ಬರೀ ಮರಗಳಲ್ಲ, ಊರುಗಳೂ ಇವೆ. 1964ರಲ್ಲಿ ಅಣೆಕಟ್ಟು ಆದಾಗ ಎಷ್ಟೋ ಮನೆತನಗಳು ಗದ್ದೆ, ತೋಟ, ದೇವರು ಬಿಟ್ಟು ಎದ್ದು ಬಂದವು. ಹಳೇ ಹಿರೇಭಾಸ್ಕರ ಅಣೆಕಟ್ಟೂ ಅದರೊಳಗೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮೇಲೆ ಕಾಣುತ್ತದೆ. ಹಿನ್ನೀರಿನ ಆಚೆ ದಡದ ತುಮರಿ ಕಡೆಯವರು ದಾಟಲು ಲಾಂಚ್ ಕಾದು ಕಾದು ಜೀವನ ಮಾಡಿದರು. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಆಗಿದೆ. ಕಯಾಕ್ ಹುಟ್ಟು ಹಾಕುವ ಮೊದಲು ಈ ಕಥೆಯನ್ನು ನೆಂಟರಿಗೆ ಹೇಳಿ. ಗೊತ್ತಿದ್ದು ಆ ನೀರಿನ ಮೇಲೆ ಹೋಗುವುದೇ ಬೇರೆ.

ಇನ್ನೊಂದು. ಅವಳಿಗೆ ಬಟ್ಟೆ, ಕಲೆ ಇಷ್ಟ ಇದ್ದರೆ ಹೆಗ್ಗೋಡಿನಲ್ಲಿ ಅರ್ಧ ದಿನ ಇಡಿ. ಅಲ್ಲಿನ ಚರಕ ಎಂಬ ಕೈಮಗ್ಗದ ಸಂಘದಲ್ಲಿ ಹೆಂಗಸರು ಅಡಿಕೆ ಚೊಗರಿನಂಥ ಬಣ್ಣದಲ್ಲಿ ನೂಲು ಅದ್ದಿ ಕೈಮಗ್ಗದಲ್ಲಿ ನೇಯುತ್ತಾರೆ. ನೀನಾಸಮ್ ರಂಗಸಂಸ್ಥೆಯೂ ಅಲ್ಲೇ. ನಾಟಕ ಇರುವ ದಿನ ಸಿಕ್ಕರೆ ಅದೃಷ್ಟ. ದಾರಿಯಲ್ಲಿ ಇಕ್ಕೇರಿ ಅಘೋರೇಶ್ವರ ದೇವಸ್ಥಾನ.

ಹೊಸನಗರದಿಂದ:

ಕೊಡಚಾದ್ರಿ ಯಾರೂ ಹೇಳಲಿಲ್ಲವಲ್ಲ! 1343 ಮೀಟರ್. ಸಾಹಸ ಬೇಕು ಅನ್ನುವವನನ್ನು ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿ. ಅದನ್ನು ರಸ್ತೆ ಅನ್ನಲು ಬರುವುದಿಲ್ಲ, ಬರೀ ಕೊರಕಲು ಮತ್ತು ಕಲ್ಲು. ನಿಮ್ಮ ಕಾರು ಎಷ್ಟೇ ದೊಡ್ಡದಿರಲಿ, ಸ್ಥಳೀಯ ಜೀಪಿನಲ್ಲೇ ಹೋಗಿ. ಆ ಡ್ರೈವರುಗಳಿಗೆ ಒಂದೊಂದು ಕಲ್ಲೂ ಗೊತ್ತು. ಜೀಪು ಮೂಲ ಮೂಕಾಂಬಿಕೆ ದೇವಸ್ಥಾನದವರೆಗೆ ಹೋಗುತ್ತದೆ, ಅಲ್ಲಿಂದ ಸರ್ವಜ್ಞ ಪೀಠಕ್ಕೆ ನಡಿಗೆ. ಮೇಲೆ ಐಷಾರಾಮ ಕೇಳಬೇಡಿ. ಸಂಜೆಗೆ ಇಳಿದು ಕೆಳಗಿನ ಮನೆಯಲ್ಲಿ ಉಳಿಯಿರಿ. ಹಿಂದಿರುಗುವಾಗ ನಗರ ಅನ್ನುವ ಊರಿನ ಕೋಟೆ ನೋಡಿ. ಕೆಳದಿ ನಾಯಕರ ರಾಜಧಾನಿ ಬಿದನೂರು ಅದೇ, 1763ರಲ್ಲಿ ಹೈದರಾಲಿ ಕೈಸೇರಿತು.

ಭದ್ರಾವತಿಯಿಂದ:

ರೆಸಾರ್ಟಿನ ಆರಾಮ ಮತ್ತು ಕಾಡು ಎರಡೂ ಒಟ್ಟಿಗೆ ಬೇಕಾದರೆ ಲಕ್ಕವಳ್ಳಿ. ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ರಿವರ್ ಟರ್ನ್ ಲಾಡ್ಜ್ ಭದ್ರಾ ಹಿನ್ನೀರಿನ ದಡದಲ್ಲಿದೆ. ಕೋಣೆಯ ಜಗುಲಿಯಲ್ಲಿ ಕೂತರೆ ಮುಂದೆ ನೀರು, ಆಚೆ ಕಾಡು. ಊಟ, ಜೀಪ್ ಸಫಾರಿ, ದೋಣಿ ಸಫಾರಿ ಎಲ್ಲ ಒಂದೇ ಲೆಕ್ಕದಲ್ಲಿ ಬರುತ್ತದೆ. ನನಗೆ ಜೀಪಿಗಿಂತ ದೋಣಿಯೇ ಇಷ್ಟ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆ ಮೇಲೆದ್ದಾಗ ರಿವರ್ ಟರ್ನ್ ಹಕ್ಕಿಗಳು ಬಂದು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಆನೆಗಳು ದಡಕ್ಕೆ ಇಳಿಯುತ್ತವೆ. ಭದ್ರಾ 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲಿ ಕಾಣಲೇಬೇಕು ಅನ್ನುವ ಹಟ ಬಿಟ್ಟು ಹೋದರೆ ಖುಷಿಯಾಗಿ ಬರುತ್ತಾರೆ.

ಸಕ್ರೆಬೈಲಿನ ಆನೆ ಬಿಡಾರ ಹೇಗೂ ನಿಮಗೆ ಹತ್ತಿರ. ಬೆಳಿಗ್ಗೆ ಬೇಗ ಹೋಗಿ, ತುಂಗೆಯಲ್ಲಿ ಆನೆಗಳ ಸ್ನಾನ ನೋಡಲು ಸಿಗುತ್ತದೆ.

ಸಾಗರದಿಂದ, ಹಿರಿಯರೊಬ್ಬರು:

ಊಟದ ಬಗ್ಗೆ ಯಾರೂ ಬರೆದಿಲ್ಲ. ಹೋಂಸ್ಟೇಯವರಿಗೆ ಪನೀರ್, ನೂಡಲ್ಸ್ ಬೇಡ ಅಂತ ಮೊದಲೇ ಹೇಳಮ್ಮಾ. ಮಳೆಗಾಲವಾದರೆ ಕಳಲೆ ಪಲ್ಯ, ಪತ್ರೊಡೆ. ಯಾವಾಗ ಬಂದರೂ ತಂಬುಳಿ, ಬಿಸಿ ಕಡುಬು, ಅಕ್ಕಿ ರೊಟ್ಟಿ, ಜೋನಿ ಬೆಲ್ಲ ಹಾಕಿಕೊಂಡು ನೀರುದೋಸೆ. ಅಪ್ಪೆಮಿಡಿ ಉಪ್ಪಿನಕಾಯಿ ತಟ್ಟೆಯಲ್ಲಿ ಇರಲೇಬೇಕು. ತೊಡೆದೇವು ಮಾಡುವುದನ್ನು ಆ ಹುಡುಗಿಗೆ ತೋರಿಸಿ. ಕಾದ ಮಡಕೆಯ ಬೆನ್ನ ಮೇಲೆ ಕಬ್ಬಿನ ಹಾಲು ಸೇರಿಸಿದ ಹಿಟ್ಟು ಬಳಿದು, ಕಾಗದದಷ್ಟು ತೆಳ್ಳಗೆ ಎಬ್ಬಿಸುತ್ತಾರೆ.

ಕೇಳಿದವರು, ಮತ್ತೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ತಮ್ಮನ ಹತ್ತಿರ ಮಾತಾಡಿದೆ. ನವೆಂಬರ್ ಕೊನೆ ಇಲ್ಲವೇ ಜನವರಿ ಅನ್ನುತ್ತಾನೆ. ಕುದುರೆಮುಖ ಚಾರಣ ಮತ್ತು ರಾಫ್ಟಿಂಗ್ ಬೇಕೇ ಬೇಕಂತೆ. ಆಗುತ್ತದಾ? ಜನವರಿಯಲ್ಲಿ ಉಂಬಳ ಇರುವುದಿಲ್ಲ, ಹಾಗಾಗಿ ಅದೇ ಒಳ್ಳೆಯದು ಅಲ್ವಾ?

ಶಿವಮೊಗ್ಗದಿಂದ, ಚಾರಣ ಮಾಡುವವರು:

ಎರಡೂ ಒಂದೇ ಪ್ರವಾಸದಲ್ಲಿ ಆಗುವುದಿಲ್ಲ. ರಾಫ್ಟಿಂಗ್ ಮಳೆಗಾಲದ್ದು. ಆಗುಂಬೆ ಘಾಟಿಯ 14 ತಿರುವು ಇಳಿದರೆ ಸಿಗುವ ಸೀತಾನದಿಯಲ್ಲಿ, ಇಲ್ಲವೇ ಬಾಳೆಹೊನ್ನೂರು ಕಡೆ ಭದ್ರೆಯಲ್ಲಿ ನೀರು ರಭಸ ಇದ್ದಾಗ ಮಾತ್ರ. ಕುದುರೆಮುಖ ಆಗುತ್ತದೆ. ಹೋಗಿ ಬರಲು ಸುಮಾರು 20 ಕಿಲೋಮೀಟರ್, ಒಂದೇ ದಿನದಲ್ಲಿ ಮುಗಿಸಬೇಕು. ರಾಷ್ಟ್ರೀಯ ಉದ್ಯಾನವಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿ. ಅನುಮತಿ ಬೇಡ, ಹಿಂದಿನ ದಾರಿಯಿಂದ ಕರೆದುಕೊಂಡು ಹೋಗುತ್ತೇನೆ ಅನ್ನುವವರು ಸಿಗುತ್ತಾರೆ. ಅವರ ಹತ್ತಿರ ಹೋಗಲೇಬೇಡಿ. ಅಲ್ಲಿನ ಶೋಲಾ ಕಾಡು, ಹುಲ್ಲುಗಾವಲು ಉಳಿದಿರುವುದೇ ಈ ಮಿತಿಯಿಂದ. ಬೇಸಿಗೆ ಬಿಸಿಲು ಏರಿದರೆ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದೂ ಉಂಟು.

ಸೊರಬದಿಂದ, ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವರು:

ಉಂಬಳ ಕಚ್ಚಿದರೆ ಸ್ವಲ್ಪ ರಕ್ತ, ಸ್ವಲ್ಪ ತುರಿಕೆ, ಅಷ್ಟೇ. ಉಪ್ಪು ಹಾಕಿದರೆ ಬಿಡುತ್ತದೆ. ಜನವರಿಯಲ್ಲಿ ನೋಡಬೇಕಾದದ್ದು ಉಣುಗು (ಉಣ್ಣೆ ಹುಳ). ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ನಮ್ಮ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ ಮೊದಲು ಪತ್ತೆಯಾದದ್ದು. ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ಹೆದರಿ ಪ್ರವಾಸ ಬಿಡಬೇಕಿಲ್ಲ, ಆದರೆ ಜಾಗ್ರತೆ ಬೇಕು. ಹೋಗುವ ಊರಿನಲ್ಲಿ ಈ ವರ್ಷ ಕಾಯಿಲೆ ಕಾಣಿಸಿದೆಯಾ ಅಂತ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಉಣುಗು ಕಚ್ಚದಂತೆ ತಡೆಯುವ ಡೇಪಾ ಎಣ್ಣೆ ಕೇಳಿ ಪಡೆದು ಕೈಕಾಲಿಗೆ ಹಚ್ಚಿಕೊಳ್ಳಲಿ. ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟ್. ಒಣ ತರಗೆಲೆ ಮೇಲೆ ಕೂರಬಾರದು. ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ತಿಳಿಸಿ.

ನಿಮ್ಮ ನೆಂಟರಿಗೆ ಇದು ಇನ್ನೂ ಮುಖ್ಯ. ವಾಪಸ್ ಹೋದ ಮೇಲೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಲ್ಲಿನ ಡಾಕ್ಟರಿಗೆ ಈ ಕಾಯಿಲೆಯ ಹೆಸರೇ ಗೊತ್ತಿಲ್ಲದಿರಬಹುದು. ಶಿವಮೊಗ್ಗ ಜಿಲ್ಲೆಯ ಕಾಡಿಗೆ ಹೋಗಿದ್ದೆವು ಅಂತ ಅವರೇ ಹೇಳಬೇಕು.

ತೀರ್ಥಹಳ್ಳಿ ಕಡೆಯಿಂದ, ಹೋಂಸ್ಟೇ ನಡೆಸುವವರು:

ಹಾಗಾದರೆ ನವೆಂಬರ್ ಕೊನೆಯೇ ಇರಲಿ ಅಕ್ಕಾ. ದಿನಾ ಒಂದೊಂದು ಕಡೆ ಗಂಟು ಕಟ್ಟಿಸಬೇಡಿ. ಎರಡು ರಾತ್ರಿ ನಮ್ಮ ಕಡೆ, ಕವಲೇದುರ್ಗ ಮತ್ತು ಕುಂದಾದ್ರಿಗೆ. ಎರಡು ರಾತ್ರಿ ಸಾಗರದ ಕಡೆ, ಹೋಗುವ ದಾರಿಯಲ್ಲಿ ಕೊಡಚಾದ್ರಿ, ಮಾರನೇ ದಿನ ಹೊನ್ನೆಮರಡು, ಹೆಗ್ಗೋಡು. ಕೊನೆಗೆ ಒಂದು ರಾತ್ರಿ ಲಕ್ಕವಳ್ಳಿಯಲ್ಲಿ ಆರಾಮಾಗಿ ಇರಲಿ. ಅಲ್ಲಿಂದ ಸೋಗಾನೆ ವಿಮಾನ ನಿಲ್ದಾಣ ದೂರವಲ್ಲ. ಕುದುರೆಮುಖ ಬೇಕೇ ಬೇಕು ಅಂದರೆ ಸಾಗರದ ಒಂದು ದಿನ ಬಿಡಿ, ಎರಡೂ ತುರುಕಬೇಡಿ. ಕೊಡಚಾದ್ರಿ ಶನಿವಾರ, ಭಾನುವಾರಕ್ಕೆ ಬೀಳದಂತೆ ನೋಡಿಕೊಳ್ಳಿ, ಆ ದಿನ ಜೀಪಿಗೆ ಸಾಲು. ಲಕ್ಕವಳ್ಳಿಯ ಕೋಣೆ ಎಲ್ಲಕ್ಕಿಂತ ಮೊದಲು ಹಿಡಿಯಿರಿ. ಅದು ಸಿಕ್ಕ ದಿನ ನೋಡಿಕೊಂಡು ಉಳಿದದ್ದನ್ನು ಹೊಂದಿಸೋಣ.