ಬಂಕರ್ ತುಂಬೋದ್ರೊಳಗೇ ಅರ್ಧ ಪೆಲೆಟ್ ಪುಡಿ, ತಪ್ಪೆಲ್ಲಿ?

ಬಳ್ಳಾರಿ ಎಂಟೆಕ್:
ನಮಸ್ಕಾರ. ಪ್ರಾಜೆಕ್ಟ್‌ಗೆ ಕಬ್ಬಿಣದ ಅದಿರಿನ ಪೆಲೆಟ್ (ಅದಿರಿನ ಪುಡಿ ಉಂಡೆ ಕಟ್ಟಿ ಸುಟ್ಟದ್ದು) ತಗೊಂಡಿದ್ದೇನೆ. 20 ಮೀಟರ್ ಎತ್ತರದ ಬಂಕರ್ (ಅದಿರು ತುಂಬಿಡೋ ದೊಡ್ಡ ತೊಟ್ಟಿ) ತುಂಬಿದರೆ, ಮೇಲಿನ ಭಾರಕ್ಕೆ ತಳದ ಪೆಲೆಟ್ ಎಷ್ಟು ಒಡೆಯುತ್ತವೆ ಅಂತ ಯೇಡ್ ಸಾಫ್ಟ್‌ವೇರ್‌ನಲ್ಲಿ (ಒಂದೊಂದು ಕಣದ ಚಲನೆ ಬೇರೆ ಬೇರೆ ಲೆಕ್ಕ ಹಾಕುತ್ತೆ) ನೋಡಬೇಕು. ಇಡೀ ಬಂಕರ್ ನನ್ನ ಲ್ಯಾಪ್‌ಟಾಪ್‌ಗೆ ಆಗಲ್ಲ, ಹಾಗಾಗಿ ಕಂಬದಷ್ಟು ಭಾಗ ಮಾತ್ರ. ಉಂಡೆಗಳು 12 ಮಿಮೀ, ತಾಕತ್ತು 250 ಕೆಜಿ. ಉಂಡೆ ಮೇಲಿನ ಭಾರ ಅದನ್ನು ದಾಟಿದರೆ ಆ ಉಂಡೆ ತೆಗೆದು, ಅಷ್ಟೇ ತೂಕ ಬರುವ ಹಾಗೆ ಎರಡು ಸಣ್ಣ ಉಂಡೆ ಇಡುತ್ತೇನೆ. ಎಲ್ಲವನ್ನೂ ಮೇಲಿಂದ ಸುರಿಯುತ್ತೇನೆ. ತುಂಬಿ ಮುಗಿಯೋದ್ರೊಳಗೇ ಅರ್ಧ ಪುಡಿ, ಕೆಲವಂತೂ ಗುಂಡಿನ ಹಾಗೆ ಹೊರಗೆ ಹಾರಿ ಹೋಗುತ್ತವೆ. ತಾಕತ್ತು ಜಾಸ್ತಿ ಮಾಡಿ ನೋಡು ಅಂತಾರೆ ಗೈಡ್. ಸುಮ್ನೆ ನಂಬರ್ ತಿದ್ದೋಕೆ ಮನಸ್ಸಿಲ್ಲ.

ಕೋಡ್ ಹುಳ:
ಹಾರೋದು ಯಾಕೆ ಅಂತ ಹೇಳ್ತೀನಿ. 1979ರಲ್ಲಿ ಕಂಡಲ್, ಸ್ಟ್ರಾಕ್ ಇಬ್ಬರೂ ಬರೆದ ಈ ಕಣ ಲೆಕ್ಕದ ಮೂಲ ವಿಧಾನದಲ್ಲಿ ಕಣ ಒಡೆಯೋದೇ ಇಲ್ಲ, ಒಡೆಯೋ ಭಾಗ ಆಮೇಲೆ ಬಂದವರು ಅಂಟಿಸಿದ್ದು, ತೊಂದರೆ ಎಲ್ಲಾ ಆ ಅಂಟಿನಲ್ಲೇ ಇದೆ. ತೂಕ ಉಳಿಯಬೇಕಾದರೆ ನಿಮ್ಮ ಎರಡು ಮರಿ ಉಂಡೆಗಳ ತ್ರಿಜ್ಯ ತಾಯಿ ಉಂಡೆಯ 0.79ರಷ್ಟು ಆಗುತ್ತದೆ. ಅವೆರಡನ್ನೂ ತಾಯಿಯ ಜಾಗದಲ್ಲೇ ಇಟ್ಟರೆ ಒಂದರೊಳಗೊಂದು ಹೊಕ್ಕಿರುತ್ತವೆ. ಪ್ರೋಗ್ರಾಂ ಅದನ್ನು ಒತ್ತಿದ ಸ್ಪ್ರಿಂಗ್ ಅಂದುಕೊಂಡು ಮುಂದಿನ ಸ್ಟೆಪ್‌ಗೆ ಒದ್ದು ಕಳಿಸುತ್ತದೆ. ಒದೆ ಬಿದ್ದ ಉಂಡೆ ಪಕ್ಕದ್ದನ್ನು ಒಡೆಯುತ್ತದೆ, ಅಲ್ಲಿಂದ ಸರಪಟಾಕಿ. ಒಂದಕ್ಕೊಂದು ತಾಕುವಷ್ಟೇ ಇಟ್ಟರೆ ಅರ್ಧ ತ್ರಿಜ್ಯದ ಎರಡು ಹಿಡಿಸುತ್ತವೆ, ಆದರೆ ತೂಕದಲ್ಲಿ ಉಳಿಯೋದು ಬರೀ ಕಾಲು ಪಾಲು. ಮುಕ್ಕಾಲು ಪಾಲು ಅದಿರು ಮಾಯ! ಅದಕ್ಕೇ ಹೊಕ್ಕೇ ಇರಲಿ, ಹುಟ್ಟುವಾಗ ಇರೋ ಹೊಕ್ಕನ್ನು ಸೊನ್ನೆ ಅಂತ ಲೆಕ್ಕ ಹಿಡಿಯಿರಿ. ಟೈಮ್ ಸ್ಟೆಪ್ (ಪ್ರೋಗ್ರಾಂ ಒಂದು ಸಲಕ್ಕೆ ಮುಂದೆ ಹೋಗೋ ಸಮಯ) ಕೂಡ ಅತಿ ಸಣ್ಣ ಉಂಡೆಗೆ ತಕ್ಕ ಹಾಗೆ ಇಳಿಸಬೇಕು, ಒಡೆದ ಮೇಲೆ ಇಳಿಸಿದ್ದೀರಾ?

ಇನ್ನೊಂದು, ಎಲ್ಲದಕ್ಕೂ 250 ಕೊಡಬೇಡಿ. ಪೆಲೆಟ್ ತಾಕತ್ತು ಅಳೆಯೋ ಐಎಸ್ಒ 4700 ಮಾನದಂಡದ ಪ್ರಕಾರ ಕನಿಷ್ಠ 60 ಪೆಲೆಟ್ ಒಂದೊಂದಾಗಿ ಒತ್ತಿ ನೋಡುತ್ತಾರೆ, ಒಂದರ ಹಾಗೆ ಇನ್ನೊಂದು ಇರಲ್ಲ. ಆ ಏರುಪೇರನ್ನು ವೈಬುಲ್ ಹಂಚಿಕೆಯಲ್ಲಿ (ಇಂಥ ಏರುಪೇರು ಹೇಳೋ ಗಣಿತದ ಸೂತ್ರ) ಹಾಕಿ.

ಗಿಣಿಗೇರಾ ನೈಟ್ ಶಿಫ್ಟ್:
ತಮ್ಮಾ, ಕಂಪ್ಯೂಟರ್ ಪಕ್ಕಕ್ಕಿಟ್ಟು ಒಂದು ಕಾಗದ ತಗೋ. ಒಂದು ಘನ ಮೀಟರ್ ಪೆಲೆಟ್ ಸುಮಾರು 2.1 ಟನ್. 20 ಮೀಟರ್ ರಾಶಿಯ ತಳದಲ್ಲಿ ಒತ್ತಡ ಜಾಸ್ತಿ ಅಂದ್ರೆ 410 ಕಿಲೋಪಾಸ್ಕಲ್. ಇದನ್ನು 12 ಮಿಮೀ ವರ್ಗದಿಂದ ಗುಣಿಸು, 59 ನ್ಯೂಟನ್ ಬರುತ್ತದೆ. ಅಂದ್ರೆ ಒಂದು ಪೆಲೆಟ್ ಮೇಲೆ ಆರು ಕೆಜಿ! ತಡೆಯೋದು 250. ಭಾರ ಎಲ್ಲಾ ಕಡೆ ಸಮ ಹಂಚೋದಿಲ್ಲ, ಕೆಲವು ಸಾಲುಗಳೇ ಜಾಸ್ತಿ ಹೊರುತ್ತವೆ, ಐದು ಪಟ್ಟು ಅಂತಿಟ್ಟುಕೋ, ಆದರೂ 30. ನಿಜವಾದ ಬಂಕರ್‌ನಲ್ಲಿ ಗೋಡೆಯೂ ಒಂದಿಷ್ಟು ಭಾರ ಹೊರುತ್ತದೆ. ನಿಂತ ಭಾರಕ್ಕೆ ಪೆಲೆಟ್ ಅರ್ಧ ಪುಡಿಯಾಗೋ ಮಾತೇ ಇಲ್ಲ. ನಾನು ನೋಡಿದ ಹಾಗೆ ಪುಡಿ ಬೀಳೋದು ಒಂದು ಬೆಲ್ಟಿನಿಂದ ಇನ್ನೊಂದಕ್ಕೆ ಬೀಳುವ ಜಾಗದಲ್ಲಿ, ಲೋಡರ್ ಗಾಲಿ ಕೆಳಗೆ.

ರಾಯಚೂರು ಸೋನಾ:
ನಂದು ರೈಸ್ ಮಿಲ್, ನಿಮ್ಮ ಸಾಫ್ಟ್‌ವೇರ್ ಗೊತ್ತಿಲ್ಲ. ಆದರೆ ಗೋದಾಮಿನಲ್ಲಿ ಚೀಲದ ಮೇಲೆ ಚೀಲ ಒಟ್ಟಿದರೂ ಕೆಳಗಿನ ಚೀಲದ ಅಕ್ಕಿ ನುಚ್ಚಾಗಿದ್ದು ನಾ ಕಂಡಿಲ್ಲ. ನುಚ್ಚಾಗೋದು ಮಷೀನಲ್ಲಿ, ಇಲ್ಲಾ ಭತ್ತ ಸರಿಯಾಗಿ ಒಣಗದಿದ್ದಾಗ.

ಬಳ್ಳಾರಿ ಎಂಟೆಕ್:
ಅಣ್ಣಾ, ಒಡೆಯೋ ಭಾಗ ಆಫ್ ಮಾಡಿ ನೋಡಿದೆ. ಎಲ್ಲಾ ಕೂತ ಮೇಲೆ ಅತಿ ಜಾಸ್ತಿ ಅಂದ್ರೆ 41 ಕೆಜಿ. 250 ದಾಟಿದ್ದು ಬರೀ ಸುರಿಯುವಾಗ. ನಾನು 20 ಮೀಟರ್‌ನಿಂದ ಬಿಟ್ಟಿದ್ದೆ, ತಳಕ್ಕೆ ತಾಗೋವಾಗ ಗಂಟೆಗೆ 70 ಕಿಲೋಮೀಟರ್ ವೇಗ! ಅದನ್ನು ನೋಡೇ ಇರಲಿಲ್ಲ. ಟೈಮ್ ಸ್ಟೆಪ್ಪೂ ಇಳಿಸಿರಲಿಲ್ಲ.

ಗಿಣಿಗೇರಾ ನೈಟ್ ಶಿಫ್ಟ್:
ಹಾಗಾದ್ರೆ ಬೀಳೋದನ್ನೇ ಪ್ರಾಜೆಕ್ಟ್ ಮಾಡು. ಆದರೆ 250 ನಿಧಾನಕ್ಕೆ ಒತ್ತಿದಾಗ ಸಿಗೋ ನಂಬರ್, ಬಿದ್ದ ಏಟಿಗೆ ಅದನ್ನೇ ಹಾಕಬೇಡ. ಟಂಬಲರ್ ಡ್ರಮ್‌ನಲ್ಲಿ 15 ಕೆಜಿ ಹಾಕಿ 200 ಸುತ್ತು ತಿರುಗಿಸೋ ಟೆಸ್ಟ್ ಇದೆಯಲ್ಲ, ಮೊದಲು ಅದಕ್ಕೆ ನಿನ್ನ ಮಾಡೆಲ್ ತಾಳೆ ಆಗುತ್ತಾ ನೋಡು.

ಬಳ್ಳಾರಿ ಎಂಟೆಕ್:
ಸರಿ ಅಣ್ಣಾ. ಟೈಟಲ್ ಬದಲಾಯಿಸಬೇಕು ಅಂತ ಗೈಡ್‌ಗೆ ಸೋಮವಾರ ಹೇಳಬೇಕು, ಅದೇ ಈಗ ದೊಡ್ಡ ಭಾರ.